ಹಳೇ ಓಮ್ನಿಗೆ ಹಾಸಿಗೆ ಹಾಕುವ ಮುನ್ನ ನೆಲ ನೋಡಿ

ಮಾರುತಿ ವ್ಯಾನ್ 1984ರಲ್ಲಿ ರಸ್ತೆಗಿಳಿಯಿತು, 1988ರಲ್ಲಿ ಓಮ್ನಿ ಎಂಬ ಹೆಸರು ಪಡೆಯಿತು, 2019ರಲ್ಲಿ ತಯಾರಿಕೆ ನಿಂತಿತು. ಇಂಥ ಗಾಡಿ ಮನೆಯ ಮುಂದೆ ಸುಮ್ಮನೆ ನಿಂತಿದ್ದರೆ, ಮಲಗಲು ಹಲಗೆ, ಎರಡು ದೀಪ, ಒಂದು ಫ್ಯಾನ್ ಹಾಕಿಕೊಂಡು ಕುಟುಂಬದ ಪ್ರವಾಸದ ಗಾಡಿ ಮಾಡಿಕೊಳ್ಳಬಹುದು. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಸರಳ. ಸೈಡಿಗೆ ಸರಿಯುವ ಬಾಗಿಲಿದೆ, ಹಿಂದೆ ಜಾಗವೂ ಇದೆ. ಹೆಚ್ಚಿನವರು ಎಡವುವುದು ಒಂದೇ ಕಡೆ. ಹೊಸ ಮ್ಯಾಟು, ರೆಕ್ಸಿನ್, ಹಾಸಿಗೆ ಎಲ್ಲ ಹಾಕಿ ಮುಗಿಸುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೆಳಗಿನ ತಗಡು ಹಪ್ಪಳವಾಗಿರುತ್ತದೆ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡೋಣ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ. ಹಾಗಾಗಿ ಸೀಟಿನ ಸಂಖ್ಯೆ ಕಾಯಂ ಆಗಿ ಬದಲಿಸಬೇಡಿ, ಚಾವಣಿ ಕತ್ತರಿಸಬೇಡಿ, ಬೆಲ್ಟ್ ತೆಗೆಯಬೇಡಿ. ಇಲ್ಲಿ ಹೇಳುವುದೆಲ್ಲ ಬಿಚ್ಚಿ ಮನೆಯೊಳಗೆ ಇಡಬಹುದಾದ ಕೆಲಸ. 15 ವರ್ಷ ದಾಟಿದ ಗಾಡಿಯಾದರೆ ಆರ್‌ಸಿ ನವೀಕರಣ ಮೊದಲು ಮಾಡಿಸಿ, ಹಲಗೆ ಆಮೇಲೆ ತನ್ನಿ.

ನೀರು ಎಲ್ಲಿಂದ ಬರುತ್ತಿದೆ?

ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ, ಸೀಟುಗಳನ್ನು ಬಿಚ್ಚಿ, ಮ್ಯಾಟನ್ನು ಪೂರ್ತಿ ಎತ್ತಿ. ಸೀಟಿನ ಬೋಲ್ಟ್ ಹಠ ಹಿಡಿದರೆ ಬಲ ಹಾಕುವುದು ಬೇಡ. ರಸ್ಟ್ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ತಲೆ ಮುರಿದರೆ ಒಂದು ಬೋಲ್ಟಿಗೆ ಅರ್ಧ ದಿನ ಹೋಗುತ್ತದೆ.

ಮ್ಯಾಟಿನ ಹಿಂಭಾಗದ ಫೆಲ್ಟ್ ಹಿಂಡಿ ನೋಡಿ. ನೀರು ಬಂದರೆ ಸೋರಿಕೆ ಇದೆ ಎಂದೇ ಅರ್ಥ, ಅದನ್ನು ಹುಡುಕದೆ ಮುಂದಿನ ಯಾವ ಕೆಲಸಕ್ಕೂ ಕೈ ಹಾಕಬೇಡಿ. ನೆಲ ಒಣಗಿಸಿ, ಮುಂದಿನ ಗಾಜಿನ ಕೆಳಗೆ, ಬಾಗಿಲ ಅಂಚಿಗೆ, ಹಿಂದಿನ ಡಿಕ್ಕಿ ಬಾಗಿಲ ಸುತ್ತ ಒಳಗಿನಿಂದ ಟಾಲ್ಕಂ ಪೌಡರ್ ತೆಳುವಾಗಿ ಉದುರಿಸಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ಹತ್ತು ನಿಮಿಷ ನೀರು ಬಿಡಲಿ. ಪೈಪು ಕೆಳಗಿನಿಂದ ಶುರುವಾಗಿ ನಿಧಾನಕ್ಕೆ ಮೇಲೆ ಹೋಗಬೇಕು. ಮೊದಲೇ ಚಾವಣಿ ಮೇಲೆ ಸುರಿದರೆ ಎಲ್ಲ ಕಡೆಯೂ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ಬಿಳಿ ಪುಡಿಯ ಮೇಲೆ ಇರುವೆ ಸಾಲಿನಂಥ ಗೆರೆ ಮೂಡಿತಲ್ಲ, ಅದರ ಮೇಲ್ತುದಿಯೇ ತೂತು.

ಬಹುತೇಕ ಸಲ ತಪ್ಪು ಮುಂದಿನ ಗಾಜಿನ ರಬ್ಬರ್ ಬೀಡಿಂಗಿನದು. ಬಿರುಕಿನ ಮೇಲೆ ಸಿಲಿಕಾನ್ ಬಳಿಯುವುದು ವರ್ಷಕ್ಕೊಮ್ಮೆ ಮಾಡುವ ಹರಕೆಯಾಗುತ್ತದೆ, ಬೀಡಿಂಗ್ ಬದಲಿಸಿಬಿಡಿ. ಬೆಂಗಳೂರಿನವರಿಗೆ ಗಾಡಿಯ ಬಿಡಿಭಾಗದ ಅಂಗಡಿಗಳ ಜೆ.ಸಿ. ರಸ್ತೆ ಇದೆ, ಬೇರೆ ಊರುಗಳಲ್ಲಿ ಗಾಜು ಕೂರಿಸುವವರೇ ತರಿಸಿಕೊಡುತ್ತಾರೆ. ಎರಡನೆಯ ಕಳ್ಳ ಸ್ಲೈಡಿಂಗ್ ಡೋರಿನ ಕೆಳಗಿನ ಹಳಿ. ಅಲ್ಲಿ ಕೆಮ್ಮಣ್ಣು ತುಂಬಿದರೆ ನೀರು ನಿಂತು ಒಳಗಿನಿಂದ ತಿನ್ನುತ್ತದೆ. ನೀರು ಇಳಿಯುವ ತೂತುಗಳನ್ನು ತಂತಿ ಹಾಕಿ ಬಿಡಿಸಿ.

ತುಕ್ಕು: ಇಲ್ಲಿ ಆತುರ ಬೇಡ

ಸ್ಕ್ರೂಡ್ರೈವರಿನ ಹಿಡಿಯಿಂದ ನೆಲವನ್ನು ಅಂಗೈಯಗಲಕ್ಕೊಂದು ಕಡೆಯಂತೆ ತಟ್ಟುತ್ತಾ ಹೋಗಿ. ಠಣ್ ಎಂದರೆ ಸರಿ, ಬದ್ ಎಂದರೆ ಅನುಮಾನ. ಅನುಮಾನ ಬಂದಲ್ಲಿ ಮೊನೆ ಒತ್ತಿ. ಒಳಗೆ ಹೋದರೆ ಹೋಗಲಿ, ಅದು ನೀವು ಮಾಡಿದ ತೂತಲ್ಲ, ಇದ್ದ ತೂತು. ಹಳೇ ಗಾಡಿಯಲ್ಲಿ ಯಾರೋ ಪುಟ್ಟಿ ತುಂಬಿ ಬಣ್ಣ ಹೊಡೆದಿರಬಹುದು, ಹಾಗಾಗಿ ಫ್ರಿಜ್ಜಿನ ಮೇಲಿನ ಆಯಸ್ಕಾಂತ ಒಂದನ್ನು ಜೇಬಲ್ಲಿಟ್ಟುಕೊಳ್ಳಿ. ಅಂಟದ ಕಡೆ ತಗಡಿಲ್ಲ. ಚಾಲಕನ ಕಾಲಡಿ, ಹಿಂದಿನ ಚಕ್ರದ ಗೂಡಿನ ಅಂಚು, ಮೆಟ್ಟಿಲ ಮೂಲೆ, ಸೀಟು ಕೂರುವ ಬೋಲ್ಟಿನ ಸುತ್ತ, ಈ ನಾಲ್ಕು ಜಾಗ ಎರಡೆರಡು ಸಲ ನೋಡಿ. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಕೆಳಗೆ ಮಲಗಿ ಹೊರಗಿನಿಂದಲೂ ನೋಡಿ.

ಮೇಲ್ಮೈ ತುಕ್ಕು ಮಾತ್ರ ಇದ್ದರೆ ವೈರ್ ಬ್ರಷ್, ಆಮೇಲೆ 80 ನಂಬರಿನ ಎಮರಿ. ಹೊಳೆಯುವ ತಗಡು ಕಾಣುವ ತನಕ, ಅದರಾಚೆ ಒಳ್ಳೆಯ ಬಣ್ಣದ ಮೇಲೂ ಒಂದು ಇಂಚು ಉಜ್ಜಬೇಕು. ತುಕ್ಕು ಬಣ್ಣದ ಅಂಚಿನಡಿ ಹರಡಿರುತ್ತದೆ. ಕಂಡಷ್ಟೇ ಉಜ್ಜಿದರೆ ಆರು ತಿಂಗಳಲ್ಲಿ ಅದೇ ಜಾಗದಲ್ಲಿ ಗುಳ್ಳೆ ಏಳುತ್ತದೆ. ಸಣ್ಣ ಗುಂಡಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಅದರಲ್ಲೇ ಹೇಳಿದಂತೆ ತೊಳೆದು ಅಥವಾ ಒರೆಸಿ ಪೂರ್ತಿ ಒಣಗಿಸಿ. ಕೈಗವಸು ಬೇಕೇ ಬೇಕು.

ತೂತು ಬಿದ್ದಿದ್ದರೆ ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿ 20 ಗೇಜ್ ತಗಡಿನ ತೇಪೆ ಹಾಕಿಸಬೇಕು. ಇದನ್ನು ಗೇಟು, ಗ್ರಿಲ್ ಮಾಡುವವರ ಹತ್ತಿರ ಒಯ್ಯಬೇಡಿ. ಅವರ ಆರ್ಕ್ ವೆಲ್ಡಿಂಗಿಗೆ ಕಾರಿನ ತಗಡು ಕಾಗದವಿದ್ದಂತೆ, ಸುಟ್ಟು ತೂತು ದೊಡ್ಡದಾಗುತ್ತದೆ. ಟಿಂಕರಿಂಗ್ ಗ್ಯಾರೇಜಿನ ಸಿಒಟು (ಕಾರ್ಬನ್ ಡೈಆಕ್ಸೈಡ್ ಅನಿಲ ಬಳಸುವ) ವೆಲ್ಡಿಂಗ್ ಬೇಕು. ತೇಪೆ ಸುತ್ತಲೂ 15ರಿಂದ 20 ಮಿ.ಮೀ. ಹೆಚ್ಚಿರಲಿ. ಒಂದೇ ಬದಿಯಿಂದ ಎಳೆದುಕೊಂಡು ಹೋಗದೆ ಎದುರುಬದುರು ಚುಕ್ಕಿ ಇಡುತ್ತಾ ಬರಲು ಹೇಳಿ, ಇಲ್ಲದಿದ್ದರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ. ನೆಲದ ಕೆಳಗೆ ಪೆಟ್ರೋಲ್ ಟ್ಯಾಂಕು, ಪೈಪು, ಬ್ರೇಕ್ ಲೈನ್ ಇವೆ. ಟ್ಯಾಂಕಿನ ಹತ್ತಿರದ ವೆಲ್ಡಿಂಗ್ ಆದರೆ ಟ್ಯಾಂಕ್ ಇಳಿಸಿಯೇ ಮಾಡಬೇಕು. ‘ಒದ್ದೆ ಬಟ್ಟೆ ಹೊದಿಸಿದರೆ ಸಾಕು ಸಾರ್’ ಎನ್ನುವವರಿಗೆ ನಮಸ್ಕಾರ ಹೇಳಿ ಗಾಡಿ ತಿರುಗಿಸಿ.

ಹತ್ತು ರೂಪಾಯಿ ನಾಣ್ಯಕ್ಕಿಂತ ಚಿಕ್ಕ ತೂತಿಗೆ ತಗಡು, ಸೀಲೆಂಟ್, 4 ಮಿ.ಮೀ. ಪಾಪ್ ರಿವೆಟ್ ಸಾಕು. ಆದರೆ ಸೀಟು, ಬೆಲ್ಟ್ ಬೋಲ್ಟಿನ ಬಳಿ ಈ ಉಪಾಯ ನಡೆಯದು, ಅಲ್ಲಿ ವೆಲ್ಡಿಂಗೇ ಆಗಬೇಕು. ಫೈಬರ್ ಮ್ಯಾಟು, ರೆಸಿನ್ ಹಾಕಿ ಮುಚ್ಚುವುದು ಅಗ್ಗ, ಒಂದೇ ದಿನದ ಕೆಲಸ, ನೋಡಲೂ ಚೆನ್ನ. ತುಕ್ಕು ಮಾತ್ರ ಅದರಡಿಯಲ್ಲಿ ನೆಮ್ಮದಿಯಾಗಿ ಬೆಳೆಯುತ್ತದೆ.

ಇನ್ನು ಬಣ್ಣ. ರೆಡ್ ಆಕ್ಸೈಡ್ ಹೊಡೆದು ಅಷ್ಟಕ್ಕೇ ಬಿಡುವುದು ಎಲ್ಲೆಡೆ ಕಾಣುವ ತಪ್ಪು. ಅದು ಪ್ರೈಮರ್ ಮಾತ್ರ, ನೀರು ತಡೆಯುವುದಿಲ್ಲ. ಥಿನ್ನರಿನಲ್ಲಿ ಒರೆಸಿ, ಪ್ರೈಮರ್ ತೆಳುವಾಗಿ ಎರಡು ಕೈ, ನಡುವೆ ಒಂದು ದಿನ. ಜೋಡಣೆಯ ಗೆರೆಗಳಿಗೆ, ತೇಪೆಯ ಅಂಚಿಗೆ ಮೇಲೂ ಕೆಳಗೂ ಸೀಮ್ ಸೀಲರ್. ಅದರ ಮೇಲೆ ಎನಾಮೆಲ್ ಎರಡು ಕೈ. ಇಡೀ ನೆಲಕ್ಕೆ ಒಂದು ಲೀಟರ್ ಪ್ರೈಮರ್ ಸಾಕು. ಮುಂಗಾರಿನ ನಡುವೆ ಈ ಕೆಲಸ ಬೇಡ. ಮಾರ್ಚ್, ಏಪ್ರಿಲ್ ಬಿಸಿಲು ಇದಕ್ಕೆ ಹೇಳಿಮಾಡಿಸಿದ್ದು. ಉಗುರು ಒತ್ತಿದರೆ ಗುರುತು ಬೀಳುವಷ್ಟು ಹಸಿ ಇದ್ದರೆ ಮ್ಯಾಟ್ ಹಾಸಬೇಡಿ.

ಸದ್ದು, ಸೆಕೆ

ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನಡಿ. ಕಾಲು ಸುಡಲು ಮುಖ್ಯ ಕಾರಣ ಎಂಜಿನ್ ಮುಚ್ಚಳದ ಸುತ್ತಲಿನ ರಬ್ಬರ್ ಒಣಗಿ ಬಿಟ್ಟಿರುವುದು. ಹೊಸ ರಬ್ಬರ್ ಹಾಕಿ, ಮುಚ್ಚಳದ ಕೊಕ್ಕೆ ಬಿಗಿಯಾಗಿದೆಯೇ ನೋಡಿ. ಸೆಕೆಯಷ್ಟೇ ಅಲ್ಲ, ಹೊಗೆ ಒಳಬರುವ ದಾರಿಯೂ ಅದೇ. ಅಲ್ಲಿ ಫೋಮ್, ಕಾರ್ಪೆಟ್ ಅಂಟಿಸುವುದು ಬೆಂಕಿಗೆ ಆಹ್ವಾನ.

ಸದ್ದಿಗೆ 2 ಮಿ.ಮೀ. ಬ್ಯೂಟೈಲ್ ಶೀಟ್, ಅಂದರೆ ತಗಡಿಗೆ ಅಂಟುವ ಮೆತ್ತನೆಯ ರಬ್ಬರ್ ಹಾಳೆ. ಪೂರ್ತಿ ಮುಚ್ಚಬೇಕಿಲ್ಲ, ಪ್ರತಿ ಪ್ಯಾನೆಲಿನ ನಡುಭಾಗದಲ್ಲಿ ಮೂರನೇ ಒಂದು ಪಾಲು ಅಂಟಿಸಿ ಗಾಜಿನ ಬಾಟಲಿ ಉರುಳಿಸಿ ಒತ್ತಿದರೆ ತಗಡಿನ ನಡುಕ ನಿಲ್ಲುತ್ತದೆ. ಚದರ ಮೀಟರಿಗೆ ಸುಮಾರು 3 ಕೆಜಿ ತೂಗುತ್ತದೆ ಎಂಬುದು ನೆನಪಿರಲಿ. ಮನೆ ತಾರಸಿಗೆ ಹಾಸುವ ಅಗ್ಗದ ಡಾಂಬರು ಶೀಟ್ ತರಬೇಡಿ, ಬಿಸಿಲಿಗೆ ಕರಗಿ ನಾರುತ್ತದೆ. ಸೆಕೆ ತಡೆಯಲು ಚಾವಣಿಗೆ 6 ಮಿ.ಮೀ. ನೈಟ್ರೈಲ್ ರಬ್ಬರ್ ಹಾಳೆ. ಫೆವಿಕಾಲ್ ಎಸ್‌ಆರ್ ಥರದ ಅಂಟನ್ನು ಎರಡೂ ಕಡೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಿ. ಒಮ್ಮೆ ತಾಗಿದರೆ ಸರಿಸಲು ಬರುವುದಿಲ್ಲ, ಮೊದಲೇ ಸೀಮೆಸುಣ್ಣದಲ್ಲಿ ಗೆರೆ ಹಾಕಿಕೊಳ್ಳಿ. ಬಾಗಿಲುಗಳೆಲ್ಲ ತೆರೆದಿರಲಿ, ಬೀಡಿ ಸೇದುವವರು ದೂರವಿರಲಿ. ಥರ್ಮೋಕಾಲ್ ಹಾಕುವ ಯೋಚನೆ ಇದ್ದವರಿಗೆ ಒಂದೇ ಮಾತು: ಈ ಅಂಟು ಸೋಕಿದರೆ ಥರ್ಮೋಕಾಲ್ ಕರಗಿಹೋಗುತ್ತದೆ.

ಹಲಗೆ

ಅಳತೆ ತೆಗೆಯುವುದು ಹಾಸಿಗೆ ಕೂರುವ ಎತ್ತರದಲ್ಲಿ, ನೆಲದಲ್ಲಲ್ಲ. ಗಾಡಿಯ ಮೈ ಮೇಲೆ ಹೋದಂತೆ ಬಾಗಿರುತ್ತದೆ. ಎಲ್ಲ ಕಡೆ 1 ಸೆಂ.ಮೀ. ಕಡಿಮೆ ಮಾಡಿ. 12 ಮಿ.ಮೀ. ಬಿಡಬ್ಲ್ಯುಆರ್ (ಕುದಿವ ನೀರನ್ನೂ ತಾಳುವ) ಪ್ಲೈವುಡ್ ಸಾಕು, 8×4 ಅಡಿಯ ಹಾಳೆ 23 ಕೆಜಿ ಆಸುಪಾಸು. 18 ಮಿ.ಮೀ. ಹಾಕಿದರೆ 35 ಕೆಜಿ ಆಸುಪಾಸಿಗೆ ಹೋಗುತ್ತದೆ, ಈ ಚಿಕ್ಕ ಎಂಜಿನ್ನಿಗೆ ಘಾಟಿಯಲ್ಲಿ ಅದು ತಿಳಿಯುತ್ತದೆ. ಮೂರು ತುಂಡು ಮಾಡಿ ಪಿಯಾನೋ ಹಿಂಜ್ (ಅಂಚಿನುದ್ದಕ್ಕೂ ಬರುವ ತಿರುಗಣಿ) ಹಾಕಿ. ಕಾಲಿಗೆ 25 ಮಿ.ಮೀ. ಚೌಕ ಪೈಪು. ಚೌಕಟ್ಟನ್ನು ಸೀಟಿನ ಹಳೇ ಬೋಲ್ಟ್ ತೂತಿಗೇ ಕಟ್ಟಿ. ಹೊಸದಾಗಿ ನೆಲ ಕೊರೆದರೆ ಇಷ್ಟು ದುಡಿದದ್ದು ವ್ಯರ್ಥ. ಬರೀ ಇಟ್ಟು ಓಡಿಸಿದರೆ ಜೋರಾಗಿ ಬ್ರೇಕ್ ಹಾಕಿದ ದಿನ ಹಲಗೆ ನಿಮ್ಮ ಬೆನ್ನಿಗೆ ಬರುತ್ತದೆ. ಹಲಗೆಯಲ್ಲಿ ಒಂದೊಂದು ಅಡಿಗೆ ಒಂದು ಇಂಚಿನ ತೂತು ಇರಲಿ, ಇಲ್ಲದಿದ್ದರೆ ಹಾಸಿಗೆಯ ಅಡಿ ಬೂಸ್ಟು ಹಿಡಿಯುತ್ತದೆ. ಪರದೆ, ಸೊಳ್ಳೆಬಲೆ ಗಾಡಿ ನಿಂತಾಗ ಮಾತ್ರ, ಆಯಸ್ಕಾಂತದಲ್ಲಿ ಅಂಟಿಸಿ.

ದೀಪ, ಫ್ಯಾನು

5 ವ್ಯಾಟಿನ ಎಲ್‌ಇಡಿ ಎಳೆಯುವುದು ಅರ್ಧ ಆಂಪಿಯರಿಗಿಂತ ಕಡಿಮೆ, ಗಾಡಿಯ ಬ್ಯಾಟರಿಯೇ ಸಾಕು. 20 ವ್ಯಾಟಿನ ಫ್ಯಾನ್ ಎಂಟು ಗಂಟೆ ಓಡಿದರೆ 13 ಆಂಪಿಯರ್-ಅವರ್ ಖಾಲಿ, ಹಳೇ ಬ್ಯಾಟರಿಯಾದರೆ ಬೆಳಿಗ್ಗೆ ತಳ್ಳುವುದೇ ಗತಿ. ಫ್ಯಾನಿಗೆ ಬೇರೆ 12 ವೋಲ್ಟ್, 20 ಆಂಪಿಯರ್-ಅವರ್ ಬ್ಯಾಟರಿ ಇಟ್ಟು ಮನೆಯಲ್ಲೇ ಚಾರ್ಜ್ ಮಾಡಿಕೊಂಡು ಹೋಗಿ. ವೈರ್ 1.5 ಚದರ ಮಿ.ಮೀ. ಇರಲಿ, 5 ಆಂಪಿಯರ್ ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಬರಬೇಕು, ಸ್ವಿಚ್ಚಿನ ಬಳಿಯಲ್ಲ. ತಗಡಿನ ತೂತು ದಾಟುವಲ್ಲೆಲ್ಲ ರಬ್ಬರ್ ಬುಷ್ ಹಾಕಿ.

ಮಲಗುವಾಗ ಎಂಜಿನ್ ಬಂದ್, ಎದುರುಬದುರಿನ ಎರಡು ಗಾಜು ಎರಡು ಬೆರಳಷ್ಟು ತೆರೆದಿರಲಿ.