ಹದಿನಾರಾಣೆ ಸತ್ಯಕ್ಕೆ ಹದಿನಾರು ನಾಣ್ಯ: ನನ್ನ ಅನುಭವ

ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವರಿಗೆಲ್ಲ ಈ ಪ್ರಶ್ನೆಗಳು ಗೊತ್ತು. "ಹದಿನಾರಾಣೆ ಸತ್ಯ ಅಂತಾರಲ್ಲ ಸರ್, ನೂರಾಣೆ ಯಾಕಲ್ಲ?" "ನಮ್ಮ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಬಾವುಟ ಎಲ್ಲುಂಟು?" ಪೋರ್ಷನ್ ಮುಗಿಯಲಿ, ಆಮೇಲೆ ನೋಡುವ ಅಂತ ತಳ್ಳಿಬಿಡುತ್ತೇವೆ, ಅಲ್ವಾ? ನಾನು ತಳ್ಳುವುದನ್ನು ಬಿಟ್ಟು ಮೂರ್ನಾಲ್ಕು ವರ್ಷವಾಯ್ತು. ಈ ವರ್ಷ ಕೆಲಸ ಕೈಗೂಡಿದೆ.

ಮೊದಲಿನ ಪ್ರಯತ್ನಗಳು ಯಾವುದೂ ನಿಲ್ಲಲಿಲ್ಲ. ನುಡಿಗಟ್ಟುಗಳ ಹಿನ್ನೆಲೆ ಬರೆದು ಜೆರಾಕ್ಸ್ ಹಂಚಿದೆ. ಬಾಯಿಪಾಠ ಮಾಡಿದರು, ವಾರದಲ್ಲಿ ಮರೆತರು. ಮನೆಯ ಹಿರಿಯರನ್ನು ಕೇಳಿ ಬನ್ನಿ ಅಂದೆ. ಒಂದೇ ಮಾತಿಗೆ ಐದಾರು ಕಥೆ ಬಂತು, ಜಳ್ಳು ಯಾವುದು ಕಾಳು ಯಾವುದು ಗೊತ್ತಾಗಲಿಲ್ಲ. ಸ್ಟಾಫ್ ರೂಮಿನಲ್ಲಿ "ಎಸ್ಸೆಸ್ಸೆಲ್ಸಿಗೆ ಇದು ಬರಲ್ಲ, ಸುಮ್ನೆ ಯಾಕೆ?" ಅಂದರು.

ಕೊನೆಗೆ ಕೈಯಿಂದ ದುಡ್ಡು ಹಾಕಿ ನಾಣ್ಯ ಕೊಂಡೆ. 1950ರ ನಂತರದ, ಗೂಳಿ ಇರುವ ಒಂದಾಣೆ. ಅಂಚು ಹೂವಿನ ಎಸಳಿನ ಹಾಗೆ ಬಾಗಿರುತ್ತದೆ. ಎರಡಾಣೆ ಚೌಕ, ಮೂಲೆಗಳು ಮಾತ್ರ ದುಂಡಗೆ. ಒಂದೊಂದಕ್ಕೆ ನಲವತ್ತು, ಐವತ್ತು ರೂಪಾಯಿ. ಹದಿನಾರು ಒಂದಾಣೆ ಸೇರಿಸುವಷ್ಟರಲ್ಲಿ ಎಂಟುನೂರರ ಹತ್ತಿರ ಹೋಯಿತು. ಒಬ್ಬ ವ್ಯಾಪಾರಿ ಶ್ರೀರಾಮ ಪಟ್ಟಾಭಿಷೇಕದ ಚಿತ್ರ ಇರುವ, '1818 ಈಸ್ಟ್ ಇಂಡಿಯಾ ಕಂಪನಿ' ಅಂತ ಅಚ್ಚಾದ ನಾಣ್ಯಕ್ಕೆ ಎರಡು ಸಾವಿರ ಹೇಳಿದ. ಕಂಪನಿ ಅಂಥ ನಾಣ್ಯ ಹೊರಡಿಸಿದ್ದೇ ಇಲ್ಲ. ಚೌಕಾಶಿ ಮಾಡಿ ನೂರಕ್ಕೆ ತಂದೆ, ಖೋಟಾ ಅಂದರೆ ಏನು ಅಂತ ತೋರಿಸಲು ಬೇಕಿತ್ತು. ನಾಣ್ಯ ಎಲ್ಲಿ ಕೊಳ್ಳುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಕ್ಲಾಸಿನಲ್ಲಿ ಭಾಷಣ ಇಲ್ಲ. ಹದಿನಾರು ಮಕ್ಕಳ ಕೈಗೆ ಒಂದೊಂದು ಆಣೆ ಕೊಟ್ಟೆ. ಎಲ್ಲ ಮೇಜಿನ ಮೇಲೆ ಬಂದರೆ ಒಂದು ರೂಪಾಯಿ. ಒಬ್ಬಳು ತನ್ನದನ್ನು ಮುಷ್ಟಿಯಲ್ಲೇ ಹಿಡಿದುಕೊಂಡಳು. "ಸರ್, ಈಗ ಹದಿನೈದಾಣೆ ಸತ್ಯ!" ಅಂತ ಪಕ್ಕದ ಹುಡುಗ ಕೂಗಿದ. ಅದಕ್ಕಿಂತ ಜಾಸ್ತಿ ನಾನೇನು ಹೇಳಬೇಕು?

ಅಲ್ಲಿಗೇ ಬಿಡಲಿಲ್ಲ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾ ಪೈಸೆ ಆಯಿತು. ಆಣೆಗೆ ಲೆಕ್ಕದಲ್ಲಿ ಆರೂಕಾಲು ಪೈಸೆ, ಆದರೆ ಕಾಲು ಪೈಸೆ ನಾಣ್ಯ ಇಲ್ಲವಲ್ಲ. ಸರ್ಕಾರದ ಪಟ್ಟಿಯಲ್ಲಿ ಒಂದಾಣೆಗೆ 6, ಎರಡಕ್ಕೆ 12, ಮೂರಕ್ಕೆ 19, ನಾಲ್ಕಕ್ಕೆ 25. ಇದನ್ನೇ ಅಂಗಡಿ ಆಟ ಮಾಡಿಸಿದೆ. ಒಂದೊಂದಾಣೆ ಹದಿನಾರು ಸಲ ಬದಲಾಯಿಸಿದವನಿಗೆ 96 ಪೈಸೆ, ಒಟ್ಟಿಗೆ ಕೊಟ್ಟವನಿಗೆ 100. ನಾಲ್ಕು ಪೈಸೆಗೆ ಕ್ಲಾಸಲ್ಲಿ ಜಗಳವೇ ಆಯಿತು. ಆ ಕಾಲದ ಜನರಿಗೆ ಎಷ್ಟು ತಲೆಬಿಸಿ ಆಗಿರಬಹುದು ಅಂತ ಆಗ ಅವರಿಗೇ ಹೊಳೆಯಿತು. ಬೇಳೆ, ಅಕ್ಕಿ ಕೊಂಡು ಉಳಿದ ಚಿಲ್ಲರೆ ಎಣಿಸುವವರ ಪಾಡು!

'ಸೇರಿಗೆ ಸವ್ವಾಸೇರು' ಅಂದರೇನು ಅನ್ನುವ ಪ್ರಶ್ನೆಗೆ ಮನೆಗಳಿಂದ ಅಕ್ಕಿ ಅಳೆಯುವ ಹಳೆಯ ಸೇರು ತರಿಸಿ ಕುಚ್ಚಲಕ್ಕಿ ತುಂಬಿ ತೂಗಿದೆವು. ಒಂದಕ್ಕೊಂದು ತಾಳೆಯಾಗಲಿಲ್ಲ. 1958ರಲ್ಲಿ ಕಿಲೋ ಯಾಕೆ ತರಬೇಕಾಯಿತು ಅಂತ ಬೇರೆ ಪಾಠ ಬೇಕಾಗಲಿಲ್ಲ. ಅಕ್ಕಿ ಬಿಸಿಯೂಟಕ್ಕೆ ಹೋಯಿತು.

ಬಾವುಟಗುಡ್ಡೆಗೆ ನಡೆದುಕೊಂಡೇ ಹೋದೆವು. 1837ರ ಏಪ್ರಿಲ್‌ನಲ್ಲಿ ಅಮರ ಸುಳ್ಯ ದಂಗೆಯ ರೈತರು ಮಂಗಳೂರಿಗೆ ಬಂದು ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಏರಿಸಿದರು, ಅದಕ್ಕೇ ಗುಡ್ಡೆಗೆ ಈ ಹೆಸರು ಅನ್ನುವುದು ಒಂದು ಮಾತು. ಅಲ್ಲೇ ಹಳೆಯ ದೀಪಸ್ತಂಭವೂ (ಲೈಟ್‌ಹೌಸ್) ಇದೆ. "ಹಡಗಿನವರಿಗೆ ಬಾವುಟ ತೋರಿಸುತ್ತಿದ್ದಿರಬಹುದಲ್ವಾ?" ಅಂತ ಒಬ್ಬ ಕೇಳಿದ. ತುಂಬ ಒಳ್ಳೆಯ ಪ್ರಶ್ನೆ. ಎರಡನ್ನೂ ಬರೆದುಕೊಳ್ಳಿ, ದಂಗೆ ನಡೆದದ್ದಕ್ಕೆ ದಾಖಲೆ ಇದೆ, ಹೆಸರಿಗೆ ಯಾವ ದಾಖಲೆ ಅಂತ ಹುಡುಕಿ ಅಂದೆ. ಇಬ್ಬರು ಇನ್ನೂ ಲೈಬ್ರರಿಯಲ್ಲಿ ಹುಡುಕುತ್ತಿದ್ದಾರೆ.

ಒಟ್ಟು ಖರ್ಚು ಎರಡು ಸಾವಿರದ ಆಸುಪಾಸು. ಪೋರ್ಷನ್ ಜನವರಿಯಲ್ಲೇ ಮುಗಿಯಿತು. ಬರಲ್ಲ ಅಂದಿದ್ದ ಸಹೋದ್ಯೋಗಿಯೇ ಮೊನ್ನೆ ನಾಣ್ಯದ ಡಬ್ಬಿ ಕೇಳಿ ತೆಗೆದುಕೊಂಡು ಹೋದರು. ಮುಂದಿನದು 'ಕವಡೆ ಕಿಮ್ಮತ್ತು'. ಮಾಲ್ಡೀವ್ಸ್‌ನ ಕವಡೆ ಬಂಗಾಳದಲ್ಲಿ ದುಡ್ಡಾಗಿ ಓಡಾಡಿದ ಕಥೆ ದೊಡ್ಡದು. ಒಂದು ಕಿಲೋ ಕವಡೆಗೆ ಹೇಳಿಟ್ಟಿದ್ದೇನೆ.