ಗಾಳ ಹಿಡಿದು ಕಡಲಿಗೆ ಹೊರಡುವ ಗೆಳೆಯರಿಗೆ

ಮೊದಲು ಗಾಳಿ ನೋಡಿ, ಆಮೇಲೆ ರಜೆ ಹಾಕಿ. ಮಲ್ಪೆಯಿಂದ ದೋಣಿ ಮಾಡಿಕೊಂಡು ಗಾಳ ಹಾಕಲು ಹೋಗಬೇಕು ಅನ್ನುವವರಿಗೆಲ್ಲ ನಾನು ಹೇಳುವುದು ಇದನ್ನೇ. ಹೆಚ್ಚಿನವರು ಭಾನುವಾರ ಅಂತ ನಿಶ್ಚಯ ಮಾಡಿ, ದುಡ್ಡು ಒಟ್ಟು ಹಾಕಿ, ಕೊನೆಗೆ ಕಡಲು ಹೇಗಿದೆ ಅಂತ ವಿಚಾರಿಸುತ್ತಾರೆ. ಆಗ ಬೇಡ ಅನ್ನಲು ಯಾರಿಗೂ ಮನಸ್ಸು ಬರುವುದಿಲ್ಲ. ಎರಡು ಮೂರು ದಿನ ಕೈಯಲ್ಲಿಟ್ಟುಕೊಳ್ಳಿ. ಕಡಲು ಒಪ್ಪಿದ ದಿನ ಹೊರಡಿ.

ನನ್ನ ಸೋದರಮಾವ ಮೀನುಗಾರಿಕೆ ಬೋಟಿನಲ್ಲಿ ಬಹಳ ವರ್ಷ ತಂಡೇಲರಾಗಿದ್ದವರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು. ಈಗ ಪ್ರವಾಸಿಗರ ದೋಣಿ ನಡೆಸುತ್ತಾರೆ. ಇಲ್ಲಿ ಬರೆಯುವುದರಲ್ಲಿ ಮುಕ್ಕಾಲು ಪಾಲು ಅವರಿಂದ ಕಲಿತದ್ದು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಹೇಗೂ ನಿಷೇಧ. ಆಗಸ್ಟ್, ಸೆಪ್ಟೆಂಬರಿನಲ್ಲೂ ಅಲೆಯ ಸಿಟ್ಟು ಪೂರ್ತಿ ಇಳಿದಿರುವುದಿಲ್ಲ. ಅಕ್ಟೋಬರ್, ನವೆಂಬರಿನಲ್ಲಿ ವಾಯುಭಾರ ಕುಸಿತ ಅಂತ ಒಂದಲ್ಲ ಒಂದು ಸುದ್ದಿ ಇದ್ದೇ ಇರುತ್ತದೆ. ಹೊಸಬರಿಗೆ ಡಿಸೆಂಬರಿನಿಂದ ಫೆಬ್ರವರಿವರೆಗಿನ ದಿನಗಳೇ ಒಳ್ಳೆಯದು. ಆಗ ಬೆಳಗಿನ ಜಾವ ದಡದ ಕಡೆಯಿಂದ ಮೂಡುಗಾಳಿ ಬೀಸುತ್ತದೆ, ಕಡಲು ಸಮತಟ್ಟಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಗಾಳಿ ತಿರುಗುತ್ತದೆ, ಕಡಲಿನಿಂದ ದಡಕ್ಕೆ ಬೀಸಲು ಶುರುವಾಗುತ್ತದೆ. ಎರಡು ಗಂಟೆಗೆಲ್ಲ ಅಲೆಯ ತಲೆಯಲ್ಲಿ ಬಿಳಿ ನೊರೆ ಕಾಣುತ್ತದೆ. ಹಾಗಾಗಿ ಬೆಳಿಗ್ಗೆ ಐದೂವರೆಗೆ ಹೊರಟು, ಹನ್ನೊಂದೂವರೆಗೆ ನೂಲು ಎತ್ತಿ, ಒಂದು ಗಂಟೆಯೊಳಗೆ ಧಕ್ಕೆಗೆ (ದೋಣಿ ಕಟ್ಟುವ ಕಟ್ಟೆಗೆ) ಬರುವ ಲೆಕ್ಕ ಇಟ್ಟುಕೊಳ್ಳಿ. ಮೀನು ಕಚ್ಚುತ್ತಿದೆ, ಇನ್ನೊಂದು ಗಂಟೆ ಇರೋಣ ಅಂತ ಒಬ್ಬ ಹೇಳಿಯೇ ಹೇಳುತ್ತಾನೆ. ಅವನ ಮಾತು ಕೇಳಬೇಡಿ. "ಕಡಲ ಹತ್ರ ಹಠ ಮಾಡ್ಬಾರ್ದು ಮಾರಾಯ" ಅನ್ನುತ್ತಾರೆ ಮಾವ.

ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆಯ ಎತ್ತರದ ಮುನ್ಸೂಚನೆ ಕೊಡುತ್ತದೆ. ಹಿಂದಿನ ಸಂಜೆ ಅದನ್ನು ನೋಡಿ. ಒಂದು ಮೀಟರಿಗಿಂತ ಕಡಿಮೆ ಇದ್ದರೆ ಹೊರಡಬಹುದು. ಒಂದೂವರೆ ಮೀಟರ್ ಅಂದರೆ ಮನೆಯಲ್ಲಿರಿ. ಹವಾಮಾನ ಇಲಾಖೆ ಮೀನುಗಾರರು ಕಡಲಿಗೆ ಇಳಿಯಬಾರದು ಅಂದ ಮೇಲೆ ಬೇರೆ ಮಾತೇ ಇಲ್ಲ. ಪಂಚಾಂಗವನ್ನೂ ಒಮ್ಮೆ ತಿರುವಿ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ನೀರಿನ ಸೆಳೆತ ಜಾಸ್ತಿ. ನೂಲಿಗೆ ಭಾರಕ್ಕೆ ಕಟ್ಟಿದ ಸೀಸ ತಳಕ್ಕೆ ನಿಲ್ಲುವುದೇ ಇಲ್ಲ, ನೂಲು ಓರೆಯಾಗಿ ದೂರ ಹೋಗಿಬಿಡುತ್ತದೆ. ತಳದ ಮೀನಿಗೆ ಸಪ್ತಮಿ, ಅಷ್ಟಮಿ ಆಸುಪಾಸು ಒಳ್ಳೆಯದು.

ದೋಣಿ ಗೊತ್ತು ಮಾಡುವಾಗ ಬಾಡಿಗೆಗಿಂತ ಮೊದಲು ಪರವಾನಗಿ ಕೇಳಿ. ಮೀನು ಹಿಡಿಯುವ ಬೋಟಿನ ಪರವಾನಗಿ ಬೇರೆ, ಜನರನ್ನು ಒಯ್ಯುವ ದೋಣಿಯದ್ದು ಬೇರೆ. ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಇದೆಯಾ ಅಂತ ಎಣಿಸಿ. ಅದನ್ನು ಕೂರುವ ಮೆತ್ತೆ ಮಾಡಿಕೊಳ್ಳಬೇಡಿ, ಹಾಕಿಕೊಳ್ಳಿ. ವೈರ್‌ಲೆಸ್ ಇದೆಯಾ ಕೇಳಿ, ಏಕೆಂದರೆ ಸ್ವಲ್ಪ ದೂರ ಹೋದ ಮೇಲೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಅಪಾಯದ ಕರೆಗೆ ವೈರ್‌ಲೆಸ್ಸಿನ ವಿಎಚ್‌ಎಫ್‌ನಲ್ಲಿ 16ನೇ ಚಾನೆಲ್. ಫೋನ್ ಸಿಕ್ಕರೆ ಕರಾವಳಿ ಕಾವಲು ಪಡೆಯ 1554. ಯಾರ ದೋಣಿ, ಎಷ್ಟು ಜನ, ಯಾವ ಕಡೆ, ಎಷ್ಟು ಗಂಟೆಗೆ ವಾಪಸ್ ಅಂತ ಚೀಟಿ ಬರೆದು ಮನೆಯಲ್ಲಿ ಒಬ್ಬರ ಕೈಗೆ ಕೊಟ್ಟು ಹೋಗಿ. ಗುರುತಿನ ಚೀಟಿ ಜೇಬಲ್ಲಿರಲಿ, ಕಡಲಲ್ಲಿ ತಪಾಸಣೆ ಇರುತ್ತದೆ.

ಅಳಿವೆ, ಅಂದರೆ ಹೊಳೆ ಕಡಲು ಸೇರುವ ಬಾಯಿ, ದಾಟುವ ಹೊತ್ತಿಗೆ ಎಲ್ಲರೂ ಕೂತಿರಬೇಕು. ಫೋಟೋಗೆ ಎದ್ದು ನಿಲ್ಲಬಾರದು. ಹೊಳೆಯ ನೀರು ಇಳಿತದಲ್ಲಿ ಹೊರಗೆ ನುಗ್ಗುವಾಗ, ಎದುರಿನಿಂದ ಕಡಲ ಅಲೆ ಬಂದರೆ ಅಲ್ಲಿ ನೀರು ಎದ್ದು ಒಡೆಯುತ್ತದೆ. ದೋಣಿ ಮಗುಚುವುದು ನಡುಗಡಲಿಗಿಂತ ಅಳಿವೆ ಬಾಗಿಲಲ್ಲೇ ಜಾಸ್ತಿ ಅಂತ ಮಾವ ಹೇಳುತ್ತಾರೆ. ಆದ್ದರಿಂದ ವಾಪಸ್ ಬರುವ ಹೊತ್ತಿಗೆ ನೀರು ಏರುತ್ತಿರುವ ದಿನ ಆರಿಸಿಕೊಂಡರೆ ಇನ್ನೂ ಒಳ್ಳೆಯದು.

ವಾಂತಿ ಆಗುತ್ತದೆ ಅನ್ನುವವರು ಹೊರಡುವ ಒಂದು ಗಂಟೆ ಮೊದಲೇ ಮಾತ್ರೆ ತೆಗೆದುಕೊಳ್ಳಲಿ. ಯಾವ ಮಾತ್ರೆ ಅಂತ ಡಾಕ್ಟರರನ್ನು ಕೇಳಿ. ಖಾಲಿ ಹೊಟ್ಟೆಯೂ ಬೇಡ, ಗೋಳಿಬಜೆ ತಿಂದ ಹೊಟ್ಟೆಯೂ ಬೇಡ. ಎರಡು ಇಡ್ಲಿ ಸಾಕು. ದೋಣಿಯ ಮಧ್ಯ ಕೂತು ದೂರದ ದಡ ನೋಡುತ್ತಿರಿ, ಎಂಜಿನ್ನಿನ ಹೊಗೆ ಬರುವ ಕಡೆ ಕೂರಬೇಡಿ. ಬುತ್ತಿಗೆ ಕುಚ್ಚಲಕ್ಕಿ ಗಂಜಿ, ಮಾವಿನ ಉಪ್ಪಿನಕಾಯಿಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಬಿಸಿಲಿಗೆ ಅದೇ ಸರಿ. ತಲೆಗೆ ಬೈರಾಸು (ಟವೆಲ್), ಒಬ್ಬೊಬ್ಬರಿಗೆ ಮೂರು ಲೀಟರ್ ನೀರು. ಬಾಟಲಿ ವಾಪಸ್ ತನ್ನಿ.

ಈಗ ಗಾಳದ ವಿಷಯ. ರಾಡು, ರೀಲು ಅಂತ ಸಾವಿರಗಟ್ಟಲೆ ಸುರಿಯಬೇಡಿ. ಮೊದಲ ಸಲಕ್ಕೆ ಕೈಗಾಳವೇ ಸಾಕು. ದಪ್ಪ ನೈಲಾನ್ ನೂಲು ಒಬ್ಬರಿಗೆ ಐವತ್ತು ಮೀಟರ್. ಸೀಸ ತುದಿಯಲ್ಲಿ, ಗಾಳ ಎರಡು ಅದರ ಮೇಲೆ, ಒಂದೊಂದು ಮೊಳ ಬಿಟ್ಟು. ಗಾಳಕ್ಕೆ ಚುಚ್ಚುವ ಎರೆಗೆ ಸಿಗಡಿ, ಬೂತಾಯಿ ಮೀನಿನ ತುಂಡು, ಬೊಂಡಾಸ್ (ಸ್ಕ್ವಿಡ್) ಯಾವುದೂ ಆಗುತ್ತದೆ. ಸಿಗಡಿಗೆ ಮೀನು ಬೇಗ ಬರುತ್ತದೆ, ಆದರೆ ಚಿಕ್ಕ ಮೀನೇ ಕಿತ್ತು ತಿಂದು ಹೋಗುತ್ತದೆ. ನಾನು ಬೊಂಡಾಸನ್ನು ಬೆರಳಗಲ ಪಟ್ಟಿ ಮಾಡಿ ಚುಚ್ಚುತ್ತೇನೆ. ಅದು ಗಟ್ಟಿ, ಗಾಳದಿಂದ ಕಳಚುವುದಿಲ್ಲ.

ಮರಳಿನ ತಳದಲ್ಲಿ ಸುಮ್ನೆ ಕೂತರೆ ಪ್ರಯೋಜನ ಕಡಿಮೆ. ನೀರಿನಡಿಯ ಕಲ್ಲಿನ ಹತ್ತಿರ ಮುರು ಮೀನು, ಕೆಂಬೇರಿ ಇರುತ್ತವೆ. ಆ ಕಲ್ಲು ಎಲ್ಲಿದೆ ಅಂತ ತಂಡೇಲರಿಗೆ ಗೊತ್ತು. ಈಗ ಜಿಪಿಎಸ್ ಇದೆ. ಮಾವ ಇವತ್ತಿಗೂ ದಡ ನೋಡಿಯೇ ಹೇಳುತ್ತಾರೆ. ಕಾಪು ದೀಪಸ್ತಂಭ ಒಂದು ಕಡೆ, ದೂರದ ಗುಡ್ಡದ ತುದಿ ಇನ್ನೊಂದು ಕಡೆ, ಎರಡೂ ತಮ್ಮ ಗುರುತಿಗೆ ಬಂದಾಗ "ಇಲ್ಲೇ" ಅಂತ ಎಂಜಿನ್ ನಿಲ್ಲಿಸುತ್ತಾರೆ. 1901ರಿಂದ ನಿಂತಿರುವ ಆ ದೀಪಸ್ತಂಭ ಹಗಲಲ್ಲೂ ಎಷ್ಟು ಕೆಲಸ ಮಾಡುತ್ತದೆ ಅಂತ ದೋಣಿಯಲ್ಲಿ ಕೂತಾಗಲೇ ತಿಳಿಯುವುದು. ಆಳವನ್ನು ಅವರು ಮಾರಿನಲ್ಲಿ ಹೇಳುತ್ತಾರೆ. ಎರಡೂ ಕೈ ಚಾಚಿದಷ್ಟು ಒಂದು ಮಾರು, ಹೆಚ್ಚುಕಡಿಮೆ ಆರು ಅಡಿ. ಎಂಟು ಹತ್ತು ಮಾರು ನೀರು ಹೊಸಬರಿಗೆ ಸಾಕು.

ಸೀಸ ತಳ ಮುಟ್ಟಿದ್ದು ಕೈಗೆ ಗೊತ್ತಾಗುತ್ತದೆ, ನೂಲು ಸಡಿಲವಾಗುತ್ತದೆ. ಆಗ ಒಂದು ಮೊಳ ಎತ್ತಿ ಹಿಡಿಯಿರಿ, ಇಲ್ಲದಿದ್ದರೆ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ನೂಲು ತೋರುಬೆರಳ ಮೇಲೆ ಹಾದುಹೋಗಲಿ. ಯಾವ ಕಾರಣಕ್ಕೂ ಕೈಗೆ ಸುತ್ತಿಕೊಳ್ಳಬೇಡಿ. ದೊಡ್ಡ ಮೀನು ಎಳೆದರೆ ಮಾಂಸದವರೆಗೆ ಕೊಯ್ಯುತ್ತದೆ. ಮೊದಲ ಕುಟುಕಿಗೆ ಎಳೆಯಬಾರದು. ಟಕ್ ಟಕ್ ಅಂದು ಒಮ್ಮೆ ಭಾರವಾಗಿ ಜಗ್ಗುತ್ತದಲ್ಲ, ಆಗ ಎಳೆಯಿರಿ. ಮುರು ಮೀನಾದರೆ ತಡ ಮಾಡದೆ ಮೇಲೆತ್ತಬೇಕು, ಬಿಟ್ಟರೆ ಕಲ್ಲಿನ ಸಂದಿಗೆ ಹೊಕ್ಕಿಬಿಡುತ್ತದೆ. ಹೋಗುವಾಗ, ಬರುವಾಗ ಅಂಜಲ್ ಮೀನಿಗೆ ಅಂತ ಹಿಂದೆ ಒಂದು ನೂಲು ಎಳೆದುಕೊಂಡು ಹೋಗಬಹುದು. ಆದರೆ ಗಾಳದ ಹತ್ತಿರ ಒಂದು ಗೇಣು ತಂತಿ ಇರಲೇಬೇಕು. ಅಂಜಲಿನ ಹಲ್ಲಿಗೆ ನೈಲಾನ್ ಲೆಕ್ಕಕ್ಕಿಲ್ಲ.

ಮೇಲೆ ಬಂದ ಮೀನನ್ನೆಲ್ಲ ಖುಷಿಯಲ್ಲಿ ಹಿಡಿದುಕೊಳ್ಳಬೇಡಿ. ತೇಡೆ ಮೀನಿನ ಬೆನ್ನಿನಲ್ಲಿ, ಎರಡು ಪಕ್ಕದಲ್ಲಿ ವಿಷದ ಮುಳ್ಳಿದೆ. ತೊರಕೆ ಮೀನಿನ ಬಾಲದಲ್ಲೂ ಇದೆ. ಚುಚ್ಚಿದರೆ ತಡೆಯಲಾಗುವಷ್ಟು ಬಿಸಿನೀರಿನಲ್ಲಿ ಕೈ ಇಟ್ಟರೆ ನೋವು ಇಳಿಯುತ್ತದೆ. ಸುಟ್ಟುಕೊಳ್ಳದಂತೆ ಇನ್ನೊಬ್ಬರು ಮುಟ್ಟಿ ನೋಡಲಿ. ಇದಕ್ಕಾಗಿಯೇ ಒಂದು ಫ್ಲಾಸ್ಕ್ ಬಿಸಿನೀರು ಬೇಕು. ದಡಕ್ಕೆ ಬಂದ ಮೇಲೆ ಡಾಕ್ಟರರಿಗೆ ತೋರಿಸಿ. ಹೊಟ್ಟೆಯನ್ನು ಚೆಂಡಿನ ಹಾಗೆ ಊದಿಸಿಕೊಳ್ಳುವ ಮೀನು ಸಿಕ್ಕರೆ ವಾಪಸ್ ಬಿಡಿ. ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ. ಆಮೆ ಸಿಕ್ಕರೆ ಮೇಲೆಳೆದು ಫೋಟೋ ತೆಗೆಯಬೇಡಿ. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಅದಕ್ಕಿದೆ. ಗಾಳ ತೆಗೆಯಲಾಗದಿದ್ದರೆ ಬಾಯಿಯ ಹತ್ತಿರವೇ ನೂಲು ಕತ್ತರಿಸಿ ಬಿಡಿ. ಮರಿ ಮೀನನ್ನು ಒದ್ದೆ ಕೈಯಲ್ಲಿ ಹಿಡಿದು ನೀರಿಗೆ ಬಿಡಿ. ಅದನ್ನು ಮನೆಗೆ ಒಯ್ದು ಯಾರ ಹೊಟ್ಟೆಯೂ ತುಂಬುವುದಿಲ್ಲ.

ಐಸು ಹಿಂದಿನ ದಿನವೇ ಹೇಳಿಡಿ. ಮೀನಿನಷ್ಟೇ ತೂಕದ ಐಸು ಬೇಕು, ಪುಡಿ ಮಾಡಿದ್ದು. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಒಂದು ಸಾಲು ಐಸು, ಒಂದು ಸಾಲು ಮೀನು. ಬಂಗುಡೆ, ಕೇದರ್ ಮೀನು ಸಿಕ್ಕರಂತೂ ಕೂಡಲೇ ಐಸಿಗೆ ಹಾಕಿ. ಬಿಸಿಲಲ್ಲಿ ಬಿದ್ದ ಬಂಗುಡೆ ತಿಂದರೆ ಮುಖ ಕೆಂಪಾಗಿ ಮೈಯೆಲ್ಲ ತುರಿಸಬಹುದು, ಎಷ್ಟು ಬೇಯಿಸಿದರೂ ಅದು ತಪ್ಪುವುದಿಲ್ಲ. ದೊಡ್ಡ ಮೀನಿನ ಕರುಳು, ಕಿವಿರು ದೋಣಿಯಲ್ಲೇ ತೆಗೆದುಬಿಡಿ.

ಪಾಲಿನ ಮಾತು ಹೊರಡುವ ಮೊದಲೇ ಆಗಿರಲಿ. ಎಣ್ಣೆಯ ಖರ್ಚು ಯಾರದ್ದು, ಮೀನಿನಲ್ಲಿ ದೋಣಿಯವರಿಗೆಷ್ಟು ಅಂತ. ನಮ್ಮಲ್ಲಿ ಯಾರ ಗಾಳಕ್ಕೆ ಬಿದ್ದರೂ ಎಲ್ಲರಿಗೂ ಸಮಪಾಲು, ಮುರು ಮೀನಿನ ತಲೆ ಮಾತ್ರ ಮಾವನಿಗೆ. ಅತ್ತೆ ಅದಕ್ಕೆ ಬ್ಯಾಡಗಿ ಮೆಣಸು, ಹುಣಸೆಹುಳಿ ಹಾಕಿ ಸಾರು ಮಾಡುತ್ತಾರೆ. ನೀವು ಉಣ್ಣಲು ಕೂರುವ ಮೊದಲು ಗಾಳ, ಸೀಸ, ಚೂರಿ ಎಲ್ಲ ಸಿಹಿನೀರಿನಲ್ಲಿ ತೊಳೆದು ಒರೆಸಿಡಿ. ಉಪ್ಪು ನೀರು ಬಿಟ್ಟರೆ ಬೆಳಿಗ್ಗೆಗೆ ತುಕ್ಕು ಹಿಡಿದಿರುತ್ತದೆ.