ಮೆನ್ಸಾ ಪರೀಕ್ಷೆಗೆ ಕಾವಲು ಕೂರುವುದು ಹೇಗೆ?

ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಡ್ಯೂಟಿ ಮಾಡಿದ ಕಾಸರಗೋಡಿನ ಮಾಷ್ಟ್ರುಗಳಿಗೆ, ಟೀಚರುಗಳಿಗೆ ಈ ಕೆಲಸ ಸುಲಭ ಅನ್ನಿಸಬಹುದು. ಸುಲಭವೇ. ಒಂದೇ ತೊಂದರೆ, ನಮಗೆ ಸುಮ್ನೆ ಇರಲು ಬರುವುದಿಲ್ಲ.

ಮೆನ್ಸಾ ಅಂದರೆ 1946ರಲ್ಲಿ ಆಕ್ಸ್‌ಫರ್ಡಿನಲ್ಲಿ ರೋಲಂಡ್ ಬೆರಿಲ್ ಮತ್ತು ಲ್ಯಾನ್ಸ್‌ಲಾಟ್ ವೇರ್ ಶುರು ಮಾಡಿದ, ಬುದ್ಧಿಮತ್ತೆ ಹೆಚ್ಚಿರುವವರ ಸಂಘ. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ಮೇಜು ಎಂದು ಅರ್ಥ. ಸೇರಲು ಜಾತಿ, ಧರ್ಮ, ದೇಶ ಯಾವುದನ್ನೂ ಕೇಳುವುದಿಲ್ಲ. ಮಾನ್ಯತೆ ಇರುವ ಬುದ್ಧಿಮತ್ತೆ ಪರೀಕ್ಷೆಯಲ್ಲಿ ನೂರು ಜನರಲ್ಲಿ ಮೇಲಿನ ಇಬ್ಬರ ಸಾಲಿಗೆ ಬಂದರೆ ಸಾಕು. ಆದರೆ ಆ ಪರೀಕ್ಷೆಯನ್ನು ಯಾರಾದರೂ ಎದುರು ಕೂತು ಬರೆಸಿರಬೇಕು. ಮನೆಯಲ್ಲಿ ಮೊಬೈಲಿನಲ್ಲಿ ಮಾಡಿದ್ದು ಅಭ್ಯಾಸಕ್ಕಷ್ಟೇ. ಆ ಎದುರು ಕೂರುವವರು ಹೆಚ್ಚಾಗಿ ಸಂಬಳವಿಲ್ಲದ ಸ್ವಯಂಸೇವಕರು.

ಮೊದಲು ಹೆಸರು ಕೊಡಿ. ಸಾಮಾನ್ಯವಾಗಿ ಸಂಘದ ಸದಸ್ಯರನ್ನೇ ಇದಕ್ಕೆ ತೆಗೆದುಕೊಳ್ಳುತ್ತಾರೆ. ಹಾಗಾಗಿ ನೀವು ಮೊದಲೊಮ್ಮೆ ಪರೀಕ್ಷೆ ಬರೆದವರಾಗಿದ್ದರೆ ಒಳ್ಳೆಯದು. ಕೈಪಿಡಿ ಕೊಟ್ಟರೆ ಎರಡು ಸಲ ಓದಿ. ಅನುಭವ ಇದ್ದವರ ಪಕ್ಕ ಒಂದು ದಿನ ಕೂರಲು ಆದರೆ ಇನ್ನೂ ಉತ್ತಮ. ನಿಮ್ಮ ಮಗ, ತಂಗಿಯ ಮಗಳು, ಟ್ಯೂಷನ್‌ಗೆ ಬರುವ ಹುಡುಗ ಬರೆಯುವ ದಿನ ಮಾತ್ರ ನೀವು ಒಪ್ಪಿಕೊಳ್ಳಬೇಡಿ.

ಹಾಲ್ ಹುಡುಕುವಾಗ ಮಳೆಗಾಲವನ್ನು ನೆನಪಿಡಿ. ಜೂನ್, ಜುಲೈಯಲ್ಲಿ ಶೀಟು ಹೊದೆಸಿದ ಕಟ್ಟಡ ಬೇಡವೇ ಬೇಡ. ನೀವು ಹೇಳಿದ್ದು ಹಿಂದಿನ ಬೆಂಚಿಗೆ ಕೇಳುವುದಿಲ್ಲ. ಪಕ್ಕದಲ್ಲಿ ಮದುವೆ ಹಾಲ್ ಇದ್ದರೆ ಆ ದಿನ ಮುಹೂರ್ತ ಇದೆಯಾ ಎಂದು ವಿಚಾರಿಸಿ. ಕರೆಂಟು ಹೋದರೂ ಅಕ್ಷರ ಕಾಣುವಷ್ಟು ಕಿಟಕಿ ಬೇಕು. ಗೋಡೆ ಗಡಿಯಾರವನ್ನು ನಂಬಬೇಡಿ. ಒಂದು ಶಾಲೆಯಲ್ಲಿ ಡ್ಯೂಟಿಗೆ ಹೋದಾಗ ನಾನು ಬೋರ್ಡಿನ ಮೇಲಿದ್ದ ಗಡಿಯಾರ ನೋಡಿಯೇ ಶುರು ಮಾಡಿಸಿದ್ದೆ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಮುಳ್ಳು 10.17ರಲ್ಲೇ ಕೂತಿತ್ತು. ಬ್ಯಾಟರಿ ಮುಗಿದಿತ್ತು. ಅಂದಿನಿಂದ ನನ್ನ ಚೀಲದಲ್ಲಿ ಎರಡು ವಾಚು.

ಆ ದಿನ ಬೇಗ ಹೋಗಿ. ಗುರುತಿನ ಚೀಟಿ ನೋಡಿ, ಮೊಬೈಲ್ ಆಫ್ ಮಾಡಿಸಿ ಚೀಲದೊಳಗೆ ಇಡಿಸಿ, ಪೆನ್ಸಿಲು, ರಬ್ಬರು ಹಂಚಿ. ಪ್ರಶ್ನೆ ಪುಸ್ತಿಕೆಗಳನ್ನು ಕೊಡುವ ಮುಂಚೆ ಎಣಿಸಿ ಬರೆದಿಟ್ಟುಕೊಳ್ಳಿ.

ನಮ್ಮೂರಿನವರು ಎಡವುವುದು ಇದರ ನಂತರ. ಇಲ್ಲಿ ನಾವು ಒಂದೇ ಗಳಿಗೆಯಲ್ಲಿ ಅಪ್ಪನ ಹತ್ತಿರ ಮಲಯಾಳ, ಮಗನ ಹತ್ತಿರ ತುಳು, ಪಕ್ಕದವರ ಹತ್ತಿರ ಕನ್ನಡ ಮಾತಾಡುವವರು ಅಲ್ವಾ? ಸೂಚನೆಯನ್ನು ಕೈಪಿಡಿಯಲ್ಲಿ ಇದ್ದ ಹಾಗೆಯೇ ಓದಬೇಕು. ನಿಮ್ಮದೇ ಅನುವಾದ ಬೇಡ. ಎಷ್ಟೋ ಪರೀಕ್ಷೆಗಳಲ್ಲಿ ಬರೀ ಆಕಾರಗಳೇ ಇರುತ್ತವೆ. ಸಾಲಿನಲ್ಲಿ ಮುಂದೆ ಯಾವ ಚಿತ್ರ ಬರಬೇಕು, ಅಷ್ಟೇ ಪ್ರಶ್ನೆ. ಭಾಷೆಯ ತೊಡಕು ಬರಬಾರದೆಂದೇ ಹಾಗೆ ಮಾಡಿದ್ದು. ಸಂಶಯ ಇದ್ದರೆ ಸಮಯ ಶುರುವಾಗುವ ಮೊದಲೇ ಕೇಳಲಿ. ಆಮೇಲೆ ಹುಡುಗನೊಬ್ಬ ಬೆರಳಿಟ್ಟು "ಮಾಷ್ಟ್ರೇ, ಉಂದು ದಾದ?" (ಇದೇನು?) ಎಂದು ತುಳುವಿನಲ್ಲಿ ಕೇಳಿದರೆ ತಲೆಯಾಡಿಸಿ ಮುಂದೆ ಹೋಗಬೇಕು. ಹೊಟ್ಟೆ ಚುರ್ ಅನ್ನುತ್ತದೆ, ಗೊತ್ತು. ತಪ್ಪು ಗುರುತು ಹಾಕಿದ್ದು ಕಂಡರೂ ಅವನ ಡೆಸ್ಕಿನ ಪಕ್ಕ ಜಾಸ್ತಿ ಹೊತ್ತು ನಿಲ್ಲಬೇಡಿ. ನೀವು ನಿಂತರೆ ಅವನು ರಬ್ಬರು ತೆಗೆಯುತ್ತಾನೆ.

ಸಮಯದಲ್ಲೂ ಅಷ್ಟೇ ಬಿಗಿ. "ಪಾಪ, ಇನ್ನೆರಡು ನಿಮಿಷ" ಎಂದು ಶಾಲೆಯಲ್ಲಿ ಕೊಡುತ್ತೇವೆ. ಇಲ್ಲಿ ಅಂಕಕ್ಕೆ ತನ್ನಷ್ಟಕ್ಕೆ ಬೆಲೆಯಿಲ್ಲ. ಅಷ್ಟೇ ಸಮಯದಲ್ಲಿ ಬರೆದ ಬೇರೆ ಸಾವಿರಾರು ಜನರ ಜೊತೆ ಅದನ್ನು ತೂಗುತ್ತಾರೆ. ಮೆನ್ಸಾಕ್ಕೆ ಬೇಕಾದ ಅಂಕ ಕೂಡ ಒಂದೇ ಅಲ್ಲ. ವೆಕ್ಸ್‌ಲರ್ ಎಂಬ ಬುದ್ಧಿಮತ್ತೆ ಅಳತೆಯಲ್ಲಿ 130, ಕ್ಯಾಟೆಲ್ ಎಂಬ ಇನ್ನೊಂದು ಅಳತೆಯಲ್ಲಿ 148. ಎರಡೂ ಮೇಲಿನ ಶೇಕಡಾ ಎರಡೇ. ನೀವು ಕೊಟ್ಟ ಎರಡು ನಿಮಿಷ ಅಡಿಕೆ ತೂಗುವಾಗ ತಕ್ಕಡಿಗೆ ಬೆರಳು ತಾಗಿಸಿದ ಹಾಗೆ.

ಮಧ್ಯೆ ಏನಾದರೂ ಆದರೆ, ಯಾರಿಗಾದರೂ ತಲೆ ತಿರುಗಿದರೆ, ಹೊರಗೆ ಪಟಾಕಿ ಹೊಡೆದರೆ, ಎಷ್ಟು ಗಂಟೆಗೆ ಆಯಿತೆಂದು ಬರೆದು ವರದಿಗೆ ಸೇರಿಸಿ. ನೀವೇ ತೀರ್ಮಾನ ಮಾಡಲು ಹೋಗಬೇಡಿ.

ಸಮಯ ಮುಗಿದ ಮೇಲೆ ಯಾರನ್ನೂ ಎಬ್ಬಿಸದೆ ಪುಸ್ತಿಕೆಗಳನ್ನು ಪುನಃ ಎಣಿಸಿ. ಒಂದು ಕಡಿಮೆ ಇದ್ದರೆ ಸಿಗುವವರೆಗೆ ಬಾಗಿಲು ತೆರೆಯಬೇಡಿ. ಒಂದೇ ಪುಟದ ಫೋಟೋ ಹೊರಗೆ ಹೋದರೂ ಆ ಪರೀಕ್ಷೆಯನ್ನು ಮತ್ತೆ ನಂಬಲು ಆಗುವುದಿಲ್ಲ. ಎಲ್ಲವನ್ನೂ ಕವರಿಗೆ ಹಾಕಿ, ಅಂಟಿಸಿ, ಅಂಟಿಸಿದ ಜಾಗದ ಮೇಲೆ ಸಹಿ ಹಾಕಿ. ಉತ್ತರ ನೋಡಿ ಅಂಕ ಹಾಕುವುದು ನಿಮ್ಮ ಕೆಲಸ ಅಲ್ಲ, ಅದಕ್ಕೆ ಬೇರೆಯವರಿದ್ದಾರೆ.

ಗೇಟಿನ ಹತ್ತಿರ ಅಪ್ಪ ಅಮ್ಮ ಕಾಯುತ್ತಿರುತ್ತಾರೆ. "ನಮ್ಮವನು ಹೇಗೆ ಮಾಡಿದ ಮಾಷ್ಟ್ರೇ?" ಎಂದು ಕೇಳಿಯೇ ಕೇಳುತ್ತಾರೆ. ಗೊತ್ತಿಲ್ಲ ಎನ್ನಿ. ನಿಜವಾಗಿಯೂ ಗೊತ್ತಿರುವುದಿಲ್ಲ.